ಡಿಕ್ಕಿಯಲ್ಲಿಟ್ಟ ಬಾಳೆಗೊನೆ ಬಾಡಿಗೆಯೇ?

ಕಾರು ಕೊಳ್ಳಬೇಕೆಂದು ನಮ್ಮ ಮನೆಯಲ್ಲಿ ಯಾರೂ ಕನಸು ಕಂಡವರಲ್ಲ. ಲಿಂಗನಮಕ್ಕಿ ಆಣೆಕಟ್ಟಿನ ಕೆಲಸ ಮುಗಿದು, ಅಲ್ಲಿದ್ದ ಎಂಜಿನಿಯರುಗಳು ಒಬ್ಬೊಬ್ಬರಾಗಿ ಬೇರೆ ಕಡೆಗೆ ವರ್ಗವಾಗಿ ಹೋಗುತ್ತಿದ್ದ ಕಾಲ ಅದು. ಅವರಲ್ಲೊಬ್ಬರು ಹೊಸನಗರದ ನಮ್ಮ ಬಟ್ಟೆ ಅಂಗಡಿಯ ಹಳೆಯ ಗಿರಾಕಿ. ಹೊರಡುವಾಗ ತಮ್ಮ ಹಳೆಯ ಅಂಬಾಸಿಡರನ್ನು ನಮ್ಮ ಮನೆಯವರ, ಅಂದರೆ ನನ್ನ ಗಂಡನ, ತಲೆಗೆ ಕಟ್ಟಿ ಹೋದರು. ನಮ್ಮ ಮನೆಯವರಿಗೆ ಬೇಡ ಎನ್ನುವ ಮಾತು ಹುಟ್ಟಿನಿಂದಲೇ ಬರುವುದಿಲ್ಲ. ಡ್ರೈವಿಂಗ್ ಕಲಿತದ್ದೂ ಕಾರು ಬಂದ ಮೇಲೆಯೇ. ಕಲಿಯುವಾಗ ಪೇಟೆ ಬೀದಿಯ ನಾಯಿಗಳೆಲ್ಲ ಅಂಗಡಿ ಜಗುಲಿ ಹತ್ತಿ ನಿಲ್ಲುತ್ತಿದ್ದವು.

ಮುಂದೆ ಅಂಗಡಿ, ಹಿಂದೆ ಮನೆ, ಪಕ್ಕದ ಓಣಿಯಲ್ಲಿ ಕಾರು. ಕಾರು ನಮ್ಮದೆಂದು ಕಾಗದದಲ್ಲಿ ಇತ್ತೇ ಹೊರತು ಊರವರು ಅದನ್ನು ಹಾಗೆಂದು ಒಪ್ಪಿಕೊಂಡಿರಲಿಲ್ಲ. ಸಾಗರದ ಕೋರ್ಟಿಗೆ ಹೋಗುವವರು, ತೀರ್ಥಹಳ್ಳಿ ಆಸ್ಪತ್ರೆಗೆ ಹೋಗುವವರು, ಮಗಳನ್ನು ನೋಡಲು ಬಂದ ಗಂಡಿನ ಕಡೆಯವರನ್ನು ಬಸ್‌ಸ್ಟ್ಯಾಂಡಿಗೆ ಬಿಡಬೇಕಾದವರು, ಎಲ್ಲರೂ ಬಂದು ಜಗುಲಿಯ ಮೇಲೆ ಸುಮ್ಮನೆ ಕೂರುತ್ತಿದ್ದರು. ಕಾರು ಬೇಕು ಎಂದು ಕೇಳುತ್ತಿರಲಿಲ್ಲ. ಮಳೆ, ಬೆಳೆ, ದನ, ಕರು ಎಲ್ಲ ಮುಗಿದ ಮೇಲೆ, "ಸಾವ್ಕಾರ್ರು ನಾಳೆ ಆ ಕಡೆ ಹೋಗೋದುಂಟಾ?" ಎನ್ನುತ್ತಿದ್ದರು. ಹೋಗುವುದು ಇಲ್ಲದಿದ್ದರೂ ನಮ್ಮ ಮನೆಯವರು "ಉಂಟು ಉಂಟು" ಎನ್ನುತ್ತಿದ್ದರು.

ಇದಕ್ಕೆ ಪ್ರತಿಯಾಗಿ ಒಂದು ಕ್ರಮವಿತ್ತು. ನಮ್ಮ ಕಡೆ ಉಪಕಾರವನ್ನು ಬಾಯಲ್ಲಿ ಹೇಳುವುದಿಲ್ಲ. ಥ್ಯಾಂಕ್ಸ್ ಎಂಬುದು ಆಗ ಹೈಸ್ಕೂಲು ಮಾಸ್ತರರ ಬಾಯಲ್ಲಿ ಮಾತ್ರ ಇದ್ದ ಮಾತು. ಕೈಗೆ ಏನನ್ನಾದರೂ ಕೊಡುವುದೂ ಇಲ್ಲ. ಕೈಗೆ ಕೊಟ್ಟರೆ ಕೂಲಿ ಕೊಟ್ಟ ಹಾಗೆ. ಕಾರಿನಲ್ಲಿ ಬಂದವರು ಇಳಿಯುವಾಗ ಕಂಡೂ ಕಾಣದ ಹಾಗೆ ಡಿಕ್ಕಿಯಲ್ಲಿ ಏನಾದರೂ ಇಟ್ಟು ಹೋಗುತ್ತಿದ್ದರು. ಮನೆಗೆ ಬಂದು ಡಿಕ್ಕಿ ತೆಗೆದರೆ ಒಂದು ಬಾಳೆಗೊನೆ, ಒಂದು ಮೊಗೆಕಾಯಿ, ಬಾಟಲಿಯಲ್ಲಿ ಜೋನಿಬೆಲ್ಲ. ಯಾರು ಇಟ್ಟರು ಎಂದು ನಾವು ಕೇಳಬಾರದು, ನಾನು ಇಟ್ಟೆ ಎಂದು ಅವರು ಹೇಳಬಾರದು. ಅತ್ತೆ ಮಾತ್ರ ಬಾಳೆಗೊನೆಯ ಕಾಯಿ ನೋಡಿಯೇ ಯಾರ ಹಿತ್ತಲಿನದೆಂದು ಹೇಳುತ್ತಿದ್ದರು.

ನಮ್ಮ ಅಂಗಡಿಯ ಜಗುಲಿಯ ಮೇಲೆ ಮಿಷಿನ್ ಇಟ್ಟುಕೊಂಡು ಹೊಲಿಯುತ್ತಿದ್ದ ಒಬ್ಬ ದರ್ಜಿ ಇದ್ದ. ಅಂಗಡಿಯಲ್ಲಿ ಬಟ್ಟೆ ಕೊಂಡವರು ಅಲ್ಲೇ ಅಳತೆ ಕೊಟ್ಟು ಹೋಗುತ್ತಿದ್ದರು. ಮಾತು ಕಡಿಮೆ, ಮರ್ಯಾದೆ ಜಾಸ್ತಿ. ಅವನ ಹೆಂಡತಿಗೆ ಮೊದಲೆರಡು ಮಕ್ಕಳು ಹೆರಿಗೆಯಲ್ಲೇ ಹೋಗಿದ್ದವು. ಆ ವರ್ಷ ಮತ್ತೆ ಬಸುರಿ. ಮಳೆಗಾಲದ ಕೊನೆಯಲ್ಲಿ ನಮ್ಮ ಮನೆಯವರು ಅವಳನ್ನು ತೀರ್ಥಹಳ್ಳಿಗೆ ಕರೆದುಕೊಂಡು ಹೋಗಿ ಲೇಡಿ ಡಾಕ್ಟರಿಗೆ ತೋರಿಸಿಕೊಂಡು ಬಂದರು. ದರ್ಜಿಯ ಜೊತೆ ನಾನೂ ಹೋಗಿದ್ದೆ. ಡಾಕ್ಟರಮ್ಮ ಪರೀಕ್ಷೆ ಮಾಡಿ, "ನೋವು ಶುರುವಾದ ಕೂಡಲೇ ಇಲ್ಲಿಗೆ ಕರ್ಕೊಂಡು ಬರಬೇಕು. ಮನೇಲಿ ಸೂಲಗಿತ್ತಿ ಕೈಲಿ ಮಾಡಿಸ್ತೀನಿ ಅಂತ ಕೂತ್ರೆ ಈ ಸಲ ಮಗು ಒಂದೇ ಅಲ್ಲ, ತಾಯೀನೂ ಉಳಿಯೋದು ಕಷ್ಟ" ಎಂದು ಖಡಾಖಂಡಿತವಾಗಿ ಹೇಳಿದರು.

ಹೊರಗೆ ಬಂದ ಮೇಲೆ ನಮ್ಮ ಮನೆಯವರು ದರ್ಜಿಯ ಹೆಗಲ ಮೇಲೆ ಕೈ ಇಟ್ಟು, "ಎಂಥದೂ ಯೋಚನೆ ಮಾಡ್ಬೇಡ ಮಾರಾಯ. ಕಾರಿದೆ, ನಾನಿದೀನಿ. ಯಾವ ಹೊತ್ತಿಗಾದ್ರೂ ಬಾಗಿಲು ತಟ್ಟು" ಎಂದರು. ಅವನ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೂ ಗಂಡನ ಬಗ್ಗೆ ಹೆಮ್ಮೆಯೆನಿಸಿತು. ಅಪರೂಪಕ್ಕೆ ಹಾಗೆ ಅನಿಸುತ್ತಿತ್ತು.

ಆ ಹೆಮ್ಮೆ ವಾಪಸು ದಾರಿಯ ನಡುವಿನ ಹುಂಚದವರೆಗೂ ಬರಲಿಲ್ಲ. ಅದಕ್ಕೂ ಹಿಂದಿನ ಒಂದು ತಿರುವಿನಲ್ಲಿ ಎದುರಿನಿಂದ ಲಾರಿ ಬಂತು. ಇವರು ಕಾರನ್ನು ಬದಿಗೆ ತೆಗೆದುಕೊಂಡರು. ಒದ್ದೆ ಮಣ್ಣಿನಲ್ಲಿ ಚಕ್ರ ಜಾರಿ ಕಾರು ನಿಧಾನಕ್ಕೆ, ಯಾರೋ ಎಳೆದುಕೊಂಡು ಹೋಗುವ ಹಾಗೆ, ಮೋರಿಯ ಅಂಚಿಗೆ ಬಂದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಅವಳು ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಇವರ ಮುಖದಲ್ಲಿ ರಕ್ತವೇ ಇರಲಿಲ್ಲ. ಮನೆಗೆ ಬಂದು ಊಟ ಬಿಟ್ಟರು. "ಅವಳಿಗೇನಾದ್ರೂ ಆಗಿದ್ರೆ ನಾನು ಅವನ ಮುಖ ಹ್ಯಾಗೆ ನೋಡ್ಲಿ?" ಎಂದು ಕೇಳಿದರು. ಬೇರೆಯವರನ್ನು ಕಾರಿಗೆ ಹತ್ತಿಸಿಕೊಳ್ಳುವುದೆಂದರೆ ಏನೆಂದು ನಾವಿಬ್ಬರೂ ಅಂದೇ ಮೊದಲ ಸಲ ಯೋಚಿಸಿದ್ದು.

ಅದೇ ಹೊತ್ತಿಗೆ ಕಾರಿನ ಇನ್ಶೂರೆನ್ಸ್ ಮುಗಿಯುತ್ತ ಬಂದಿತ್ತು. ಸಾಗರದಿಂದ ಏಜೆಂಟರು ಬಸ್ಸಿನಲ್ಲಿ ಬಂದರು. ಬಿಳಿ ಪಂಚೆ, ಕಪ್ಪು ಕೋಟು, ಕೋಟಿನ ಜೇಬಿನಲ್ಲಿ ಎರಡು ಪೆನ್ನು. ಒಳ್ಳೆಯ ಮನುಷ್ಯ, ಆದರೆ ಒಂದು ಮಾತು ಹೇಳಿದರೆ ಅದಕ್ಕೆ ಇನ್ನೊಂದು ಬಾಲ ಕಟ್ಟದೆ ಬಿಡುತ್ತಿರಲಿಲ್ಲ. ಜಗುಲಿಯಲ್ಲಿ ಚಾಪೆ ಹಾಸಿ ಕೂರಿಸಿ ಬಾಳೆಹಣ್ಣು, ಕಾಫಿ ಕೊಟ್ಟೆ. ಅತ್ತೆ ಬಾಗಿಲ ಹಿಂದೆ ಬತ್ತಿ ಹೊಸೆಯುತ್ತ ಕೂತರು. ಬತ್ತಿ ಹೊಸೆಯುವುದು ನೆಪ, ಕಿವಿ ಹೊರಗೇ ಇತ್ತು.

"ಥರ್ಡ್ ಪಾರ್ಟಿ ಅಂತ ಒಂದಿದೆ, ಅದು ಸರ್ಕಾರದ ಕಡ್ಡಾಯ. ಉಳಿದಿದ್ದೆಲ್ಲ ನಿಮ್ಮಿಷ್ಟ" ಎಂದು ಏಜೆಂಟರು ಶುರು ಮಾಡಿದರು.

ಅತ್ತೆ ಒಳಗಿನಿಂದಲೇ, "ಥರ್ಡ್ ಅಂದ್ರೆ ಮೂರನೇದಲ್ವಾ? ಮೊದ್ಲನೇವ್ರು ಯಾರು?" ಎಂದು ಕೇಳಿದರು.

"ಮೊದ್ಲನೇವ್ರು ನಿಮ್ಮ ಮಗ ಅಮ್ಮಾ. ಎರಡನೇದು ನಮ್ಮ ಕಂಪನಿ. ಮೂರನೇವ್ರು ಅಂದ್ರೆ ರಸ್ತೇಲಿ ಹೋಗೋರು. ಅವ್ರಿಗೆ ಗುದ್ದಿದ್ರೆ ಕಂಪನಿ ಕೊಡ್ತದೆ."

"ಹಾಗಾದ್ರೆ ಕಾರೊಳಗೆ ಕೂತವ್ರು ಎಷ್ಟನೇವ್ರು?"

ಏಜೆಂಟರು ಕಾಫಿ ಲೋಟ ಕೆಳಗಿಟ್ಟರು. "ಅವ್ರು ಲೆಕ್ಕಕ್ಕಿಲ್ಲಮ್ಮ."

ನನಗೆ ಅಲ್ಲಿಂದಲೇ ತಲೆ ಚಿಟ್ಟು ಹಿಡಿಯಿತು. ದಾರಿಯಲ್ಲಿ ಹೋಗುವ ಗುರುತಿಲ್ಲದವನು ಲೆಕ್ಕಕ್ಕಿದ್ದಾನೆ. ನಾವೇ ಕೈಹಿಡಿದು ಹತ್ತಿಸಿಕೊಂಡ ಬಸುರಿ ಲೆಕ್ಕಕ್ಕಿಲ್ಲ. ಇದು ಯಾವ ಊರಿನ ನ್ಯಾಯ ಎಂದು ಕೇಳಿದೆ. ಏಜೆಂಟರು ನಕ್ಕು, ಅದಕ್ಕಾಗಿಯೇ ಮೇಲಿನ ವಿಮೆಗಳು ಇರುವುದೆಂದು ಹೇಳಿ, ಚೀಲದಿಂದ ಇಂಗ್ಲಿಷಿನ ಕಾಗದ ತೆಗೆದು ಒಂದೊಂದೇ ವಿವರಿಸತೊಡಗಿದರು. ಕಾರಿಗೇ ಪೆಟ್ಟಾದರೆ ಒಂದು. ಕದ್ದುಹೋದರೆ, ಬೆಂಕಿ ಬಿದ್ದರೆ ಅದರಲ್ಲೇ ಸೇರಿದೆ. ಗಲಾಟೆ, ಮುಷ್ಕರದಲ್ಲಿ ಕಲ್ಲು ಬಿದ್ದರೆ ಅದು ಬೇರೆ. ಪ್ರವಾಹ ಬಂದು ಕೊಚ್ಚಿಹೋದರೆ ಅದು ಮತ್ತೂ ಬೇರೆ. ಹೊಸನಗರದಲ್ಲಿ ಮುಷ್ಕರ ಯಾರು ಮಾಡುತ್ತಾರೆ ಎಂದು ನಮ್ಮ ಮನೆಯವರು ಕೇಳಿದರು. "ಮಾಡಲ್ಲ. ಆದ್ರೆ ಮಾಡಿದ್ರೆ?" ಎಂದರು ಏಜೆಂಟರು. ಅವರ ಎಲ್ಲ ಮಾತೂ ಈ 'ಆದ್ರೆ'ಯಲ್ಲಿ ಹೋಗಿ ನಿಲ್ಲುತ್ತಿತ್ತು.

ಪ್ರವಾಹ ಎಂದ ಕೂಡಲೇ ಅತ್ತೆ ಹೊರಗೇ ಬಂದುಬಿಟ್ಟರು. ಅವರ ತವರು ಶರಾವತಿ ದಡದ ಊರು. ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋಗಿತ್ತು. "ಅಲ್ಲಾ, ತಾನಾಗೇ ಬಂದ ನೀರು ಪ್ರವಾಹ. ಸರ್ಕಾರ ಹೇಳಿ ಕಳ್ಸಿ ಬರ್ಸಿದ ನೀರಿಗೆ ಎಂತ ಹೇಳ್ತೀರಿ? ಅದ್ರಲ್ಲಿ ಮುಳುಗಿದ್ರೆ ನಿಮ್ಮ ಕಂಪನಿ ಕೊಡ್ತದಾ?" ಎಂದು ಕೇಳಿದರು. ಏಜೆಂಟರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು. ಅದರಲ್ಲಿ ಅಂಥ ನೀರಿನ ವಿಷಯ ಇರಲಿಲ್ಲ. ಅತ್ತೆ "ಗೊತ್ತಿತ್ತು ಬಿಡಿ" ಎಂದು ಒಳಗೆ ಹೋದರು.

ನಮ್ಮ ಮನೆಯವರಿಗೆ ಬೇಕಾದದ್ದು ನೀರಿನದೂ ಅಲ್ಲ, ಕಲ್ಲಿನದೂ ಅಲ್ಲ. ಒಳಗೆ ಕೂತವರದು. ಅಂಥದೂ ಒಂದಿತ್ತು. ಸೀಟಿಗಿಷ್ಟು ಎಂದು ಮೇಲೆ ಕಟ್ಟಿದರೆ ಕಾರಿನಲ್ಲಿ ಕೂತವರಿಗೆ ಕೈಕಾಲು ಹೋದರೆ, ಜೀವ ಹೋದರೆ ಕಂಪನಿಯವರು ಹಣ ಕೊಡುತ್ತಿದ್ದರು. ಇವರ ಮುಖ ಅರಳಿತು. ಆದರೆ ಅತ್ತೆಗೆ ಅದು ಸುತರಾಂ ಒಪ್ಪಿಗೆಯಾಗಲಿಲ್ಲ. "ನಂಬಿ ಹತ್ತಿದವ್ರ ತಲೆಗೆ ಬೆಲೆ ಕಟ್ಟಿ ಇಟ್ಕೊಂಡು ಗಾಡಿ ಬಿಡ್ತೀಯೇನೋ? ಒಳ್ಳೇದಾಗ್ತದಾ?" ಎಂದರು. ನನಗೆ ಇಬ್ಬರದೂ ಸರಿ ಎನಿಸುತ್ತಿತ್ತು. ಗಂಡ ಮಾತಾಡಿದಾಗ ಗಂಡನದು, ಅತ್ತೆ ಮಾತಾಡಿದಾಗ ಅತ್ತೆಯದು. ನಾನು ಎಸ್ಸೆಸ್ಸೆಲ್ಸಿ ಓದಿದವಳೆಂದು ಕಾಗದವನ್ನು ನನ್ನ ಕೈಗೆ ಕೊಟ್ಟರು. ಓದಿದೆ. ಒಂದೊಂದು ಪದವೂ ಗೊತ್ತು. ಎಲ್ಲ ಸೇರಿ ಏನು ಹೇಳುತ್ತಿವೆ ಎಂಬುದು ಮಾತ್ರ ದೇವರಾಣೆಗೂ ಗೊತ್ತಾಗಲಿಲ್ಲ.

ಕೊನೆಗೆ ಇವರು ತೆಗೆದುಕೊಳ್ಳುವುದೆಂದೇ ತೀರ್ಮಾನಿಸಿದರು. ದರ್ಜಿಯ ಹೆಂಡತಿಯ ಹೆರಿಗೆ ಹತ್ತಿರ ಬರುತ್ತಿದೆ, ಮತ್ತೆ ಅದೇ ರಸ್ತೆಯಲ್ಲಿ ಅವಳನ್ನು ಕರೆದೊಯ್ಯಬೇಕು, ಹಾಗಾಗಿ ಅವಳಿಗೂ ಒಂದು ಭದ್ರತೆ ಇರಲಿ ಎಂಬುದು ಇವರ ಮನಸ್ಸು. ಏಜೆಂಟರು ಪೆನ್ನಿನ ಮುಚ್ಚಳ ತೆಗೆದು, ಬರೆಯುವ ಮುಂಚೆ, ಸುಮ್ಮನೆ ಕೇಳುವ ಹಾಗೆ ಕೇಳಿದರು. "ಹತ್ತಿದವ್ರ ಹತ್ರ ಎಂಥದೂ ತಗೊಳ್ಳಲ್ಲ ಅಲ್ದಾ?"

"ಛೆ ಛೆ, ಒಂದು ಬಿಡಿಗಾಸೂ ಇಲ್ಲ" ಎಂದರು ಇವರು.

ಅತ್ತೆ ಒಳಗಿನಿಂದ ಮಗನ ಪರವಾಗಿ, ಊರವರ ಮಾನ ಉಳಿಸುವ ದೊಡ್ಡ ಮನಸ್ಸಿನಿಂದ ಕೂಗಿ ಹೇಳಿದರು. "ಯಾಕೆ ತಗೊಳ್ಳಲ್ಲ? ನಮ್ಮೂರವ್ರು ಬಿಟ್ಟಿ ಹತ್ತೋ ಪೈಕಿ ಅಲ್ಲ ಏಜೆಂಟ್ರೆ. ಮೊನ್ನೆ ಅಷ್ಟು ದೊಡ್ಡ ರಸಬಾಳೆ ಗೊನೆ ಇಟ್ಟು ಹೋಗಿದಾರೆ. ನೀವು ಈಗ ತಿಂದ್ರಲ್ಲ, ಅದೇ ಹಣ್ಣು."

ಏಜೆಂಟರ ಪೆನ್ನು ಅಲ್ಲೇ ನಿಂತಿತು. ಬಾಡಿಗೆಗಾಗಲಿ ಪ್ರತಿಫಲಕ್ಕಾಗಲಿ ಜನರನ್ನು ಹತ್ತಿಸಿಕೊಂಡರೆ ಮನೆ ಕಾರಿನ ಇನ್ಶೂರೆನ್ಸ್ ಪೂರ್ತಿ ಬಿದ್ದುಹೋಗುತ್ತದೆ ಎಂದರು. ಬಾಳೆಗೊನೆ ಪ್ರತಿಫಲವೇ ಎಂದು ಇವರು ಕೇಳಿದರು. "ಅಲ್ಲ" ಎಂದರು ಏಜೆಂಟರು. ಕಾಗದದ ಕಡೆ ನೋಡಿ, "ಆದ್ರೆ ಕಂಪನಿಯವ್ರು ಹೌದು ಅಂದ್ರೆ?" ಎಂದರು. ಅಷ್ಟು ಹೇಳಿ, ಇನ್ನು ಮೇಲೆ ಏನೂ ತೆಗೆದುಕೊಳ್ಳಬೇಡಿ ಎಂದು ಎಚ್ಚರಿಸಿ, ವಿಮೆ ಮಾಡಿಸಿಕೊಂಡು, ಸಂಜೆ ಬಸ್ಸಿಗೆ ಹೋದರು. ಹೋಗುವಾಗ ಅತ್ತೆ ಅವರ ಚೀಲಕ್ಕೂ ಒಂದು ಚಿಪ್ಪು ಬಾಳೆಹಣ್ಣು ಹಾಕಿದರು.

ಇವರಿಗೆ ಸಮಾಧಾನವಾಗಲಿಲ್ಲ. ಸಾಗರಕ್ಕೆ ಹೋಗಿ ಒಬ್ಬ ವಕೀಲರನ್ನು ಕೇಳೋಣವೆಂದರು. ನನಗೂ ಬಳೆ ಕೊಳ್ಳುವುದಿತ್ತು, ಹೊರಟೆ. ವಕೀಲರು ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿ, ಮೊದಲೇ ಮಾತಾಡಿಕೊಂಡು ತೆಗೆದುಕೊಂಡರೆ ಅದು ಬಾಡಿಗೆ, ಪ್ರೀತಿಯಿಂದ ಕೊಟ್ಟದ್ದು ಬಾಡಿಗೆಯಲ್ಲ ಎಂದರು. ನನಗೆ ಸಂತೋಷವಾಯಿತು. ಆಮೇಲೆ ಅವರೇ, "ಆದರೆ ಪ್ರತಿ ಸಲವೂ ಕೊಡ್ತಾರೆ ಅಂತ ಇಬ್ಬರಿಗೂ ಗೊತ್ತಿದ್ರೆ, ಅದು ಮಾತಾಡಿಕೊಂಡ ಹಾಗೇ ಆಯ್ತು ಅಂತಾನೂ ವಾದ ಮಾಡಬಹುದು" ಎಂದರು. ಯಾವುದು ಸರಿ ಎಂದು ಕೇಳಿದರೆ, ಅಪಘಾತವಾಗಿ ಕೇಸು ಬಂದ ಮೇಲೆ ನ್ಯಾಯಾಧೀಶರು ಹೇಳುತ್ತಾರೆ ಎಂದರು. ಸತ್ತ ಮೇಲೆ ತಿಳಿಯುವ ಸತ್ಯ ಯಾರಿಗೆ ಬೇಕು ಎಂದು ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ವಕೀಲರು ಕೋಟು ಹಾಕಿಕೊಂಡು ಎದ್ದರು. ಅವರ ಮೂಲ ಮನೆ ಬಟ್ಟೆಮಲ್ಲಪ್ಪದ ಹತ್ತಿರ. "ನೀವು ಹೇಗೂ ಅದೇ ದಾರೀಲಿ ಹೋಗ್ತೀರಲ್ಲ" ಎಂದು ನಮ್ಮ ಜೊತೆಯೇ ಹತ್ತಿದರು. ಮನೆಯ ಹತ್ತಿರ ಇಳಿದು, ಒಂದು ನಿಮಿಷ ಎಂದು ಒಳಗೆ ಹೋಗಿ, ಬಂದು, ಮಾತಾಡುತ್ತಲೇ ಹಿಂದಿನ ಬಾಗಿಲು ತೆಗೆದು ಮುಚ್ಚಿದರು. ಮುಂದೆ ಹೋದ ಮೇಲೆ ತಿರುಗಿ ನೋಡಿದರೆ ಸೀಟಿನ ಮೇಲೆ ಎರಡು ಮೊಗೆಕಾಯಿ ಮಲಗಿದ್ದವು. ನಾನು ಬಿದ್ದು ಬಿದ್ದು ನಕ್ಕೆ. ಇವರು ನಗಲಿಲ್ಲ. ಕಾರು ತಿರುಗಿಸಿಕೊಂಡು ಹೋಗಿ ಮೊಗೆಕಾಯಿಗಳನ್ನು ವಕೀಲರ ಜಗುಲಿಯ ಮೇಲೆ ಇಟ್ಟು ಬಂದರು. ವಕೀಲರ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಮ್ಮ ಕಡೆ ಕೊಟ್ಟದ್ದನ್ನು ತಿರುಗಿ ತಂದಿಡುವುದೆಂದರೆ ನಿಮ್ಮ ನಮ್ಮ ಹೋಗಿಬರುವುದು ಮುಗಿಯಿತು ಎಂದೇ ಅರ್ಥ. ನನಗೆ ಅವರ ಮುಖ ನೋಡಲಾಗಲಿಲ್ಲ.

ಅಲ್ಲಿಂದ ಇವರಿಗೆ ಅದೊಂದು ಹಟವೇ ಆಯಿತು. ಡಿಕ್ಕಿಗೆ ಬೀಗ ಹಾಕಿದರು. ಜನ ಹಿಂದಿನ ಸೀಟಿನ ಕೆಳಗೆ ಇಟ್ಟುಹೋಗತೊಡಗಿದರು. ಅವರು ಇಳಿದ ಕೂಡಲೇ ಇವರು ಸೀಟಿನ ಕೆಳಗೆ ಬಗ್ಗಿ ನೋಡುವುದನ್ನು ಕಲಿತರು. ಮುದುಕಿಯೊಬ್ಬಳು ತಂದ ಬೆಟ್ಟದ ನೆಲ್ಲಿಕಾಯಿಯನ್ನು ಅವಳ ಮಡಿಲಿಗೇ ತಿರುಗಿ ಸುರಿದರು. "ಇನ್ಸೂರೆನ್ಸು ಅಜ್ಜೀ, ನಿಮ್ಮ ಒಳ್ಳೇದಕ್ಕೇ" ಎಂದು ವಿವರಿಸಲು ಹೋದರೆ ಆ ಅಜ್ಜಿ, "ಏನೋಪ್ಪ, ನಮ್ಮ ನೆಲ್ಲಿಕಾಯಿ ನಿಮಗೆ ರುಚಿ ಆಗ್ಲಿಲ್ಲೇನೋ" ಎಂದು ಎದ್ದು ಹೋದಳು.

ನಾನು ಜಗಳ ಮಾಡಿದೆ. "ಜನ ಏನಂತಾರೆ ಗೊತ್ತಾ? ಸಾವ್ಕಾರ್ರಿಗೆ ದೊಡ್ಡಸ್ತಿಕೆ ಬಂತು ಅಂತಾರೆ."

"ಅನ್ಲಿ. ನಾಳೆ ಕಾರು ಮಗುಚಿದ್ರೆ ಅವ್ರ ಮನೆಯವ್ರಿಗೆ ಒಂದು ಆಧಾರ ಬೇಡ್ವಾ? ಒಂದು ಹಿಡಿ ನೆಲ್ಲಿಕಾಯಿಗೋಸ್ಕರ ಅದನ್ನ ಕಳೀಲಾ?"

"ಮಗುಚದೇ ಇದ್ರೆ?"

"ಆದ್ರೆ ಮಗುಚಿದ್ರೆ?" ಎಂದರು ಇವರು, ಥೇಟ್ ಏಜೆಂಟರ ಹಾಗೆಯೇ. ಮೋರಿಯ ಅಂಚಿನಲ್ಲಿ ಕಾರು ನಿಂತದ್ದನ್ನು ನಾನೂ ನೋಡಿದ್ದೆನಲ್ಲ.

ಹೀಗಿರುವಾಗ ದರ್ಜಿ ಇವರ ಅಳತೆಗೆ ಒಂದು ಅಂಗಿ ಹೊಲಿದ. ತೀರ್ಥಹಳ್ಳಿಗೆ ಹೋಗಿ ಬಂದದ್ದಕ್ಕೆ ಅವನು ಏನೂ ಇಟ್ಟಿರಲಿಲ್ಲ. ಅದು ಅವನ ಮನಸ್ಸಿನಲ್ಲಿ ಕೊರೆಯುತ್ತಿತ್ತು ಎಂದು ಕಾಣುತ್ತದೆ. ಒಳ್ಳೆಯ ಪಾಪ್ಲಿನ್ ಬಟ್ಟೆ, ಸಾಗರದಿಂದ ತರಿಸಿದ್ದು. ನಮ್ಮ ಅಂಗಡಿಯದಾದರೆ ಇವರಿಗೆ ಗೊತ್ತಾಗುತ್ತದಲ್ಲ ಎಂದು. ಮಡಿಸಿ, ಬೆಳಿಗ್ಗೆ ಯಾರೂ ಇಲ್ಲದಾಗ ಗಲ್ಲಾಪೆಟ್ಟಿಗೆಯ ಹಿಂದೆ ಇಟ್ಟಿದ್ದ. ಇವರು ಅದನ್ನು ತೆಗೆದುಕೊಂಡು ಹೋಗಿ, ಗಿರಾಕಿಗಳ ಎದುರಿಗೇ, ಅವನ ಮಿಷಿನ್ನಿನ ಮೇಲೆ ಇಟ್ಟರು. "ಬೇಡ ಮಾರಾಯ. ನಿನ್ನ ಹೆಂಡ್ತೀನ ಮತ್ತೆ ಕರ್ಕೊಂಡು ಹೋಗೋದಿದೆ. ನಿನ್ನ ಹತ್ರ ಮಾತ್ರ ನಾನು ಎಂಥದೂ ತಗೊಳ್ಳೋ ಹಾಗಿಲ್ಲ" ಎಂದರು. ಇವರ ಮನಸ್ಸಿನಲ್ಲಿ ಅದು ಎಲ್ಲರಿಗಿಂತ ಹೆಚ್ಚಿನ ಪ್ರೀತಿಯ ಮಾತು. ಬಾಗಿಲಲ್ಲಿ ನಿಂತು ಕೇಳಿದ ನನಗೇ ಅದು ಬೇರೆ ಥರ ಕೇಳಿಸಿತು. ದರ್ಜಿ "ಆಯ್ತು ಸಾವ್ಕಾರ್ರೆ" ಎಂದ. ಅಂಗಿಯನ್ನು ಎತ್ತಿ ಚೀಲಕ್ಕೆ ಹಾಕಿಕೊಂಡ. ಮಿಷಿನ್ ತುಳಿಯತೊಡಗಿದ.

ಚಳಿಗಾಲ ಬರುವ ಹೊತ್ತಿಗೆ ಜಗುಲಿಯ ಮೇಲೆ ಬಂದು ಕೂರುವವರು ಕಡಿಮೆಯಾದರು. ಸಾವ್ಕಾರ್ರು ನಾಳೆ ಆ ಕಡೆ ಹೋಗೋದುಂಟಾ ಎಂಬ ಮಾತೇ ನಿಂತಿತು. ಕಾರು ಓಣಿಯಲ್ಲಿ ನಿಂತೇ ಇರುತ್ತಿತ್ತು, ಕೋಳಿಗಳು ಬಾನೆಟ್ಟಿನ ಮೇಲೆ ಹತ್ತಿ ಬಿಸಿಲು ಕಾಯಿಸುತ್ತಿದ್ದವು. ಇವರಿಗೆ ಅರ್ಥವಾಗಲಿಲ್ಲ. "ಎಲ್ಲಾ ಸೀಟಿಗೂ ಇನ್ಸೂರೆನ್ಸ್ ಮಾಡ್ಸಿದೀನಿ, ಈಗ ಯಾರೂ ಹತ್ತೋರೇ ಇಲ್ಲವಲ್ಲೇ!" ಎನ್ನುತ್ತಿದ್ದರು. ನನಗೆ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಇಲ್ಲ. ಜನರಿಗೆ ಕೋಪ ಬಂದಿದೆಯೋ ನಾಚಿಕೆಯೋ? ಕೊಡಲು ಬಿಡದ ಮನೆಯಲ್ಲಿ ಕೇಳುವುದು ಹೇಗೆಂಬ ಹಿಂಜರಿಕೆಯೋ? ಯಾರನ್ನಾದರೂ ಕೇಳೋಣವೆಂದರೆ ಎಲ್ಲರೂ ಎಂದಿನ ಹಾಗೆ ನಗುತ್ತಲೇ ಮಾತಾಡುತ್ತಿದ್ದರು. ಏನು ಕೇಳಲಿ?

ಒಂದು ದಿನ ಬೆಳಿಗ್ಗೆ ದರ್ಜಿಯ ಮಿಷಿನ್ನಿನ ಮೇಲೆ ಹೊದಿಸಿದ ಬಟ್ಟೆ ತೆಗೆದಿರಲಿಲ್ಲ. ಎಲ್ಲೋ ನೆಂಟರ ಮನೆಗೆ ಹೋಗಿರಬೇಕು ಎಂದುಕೊಂಡೆವು. ಮಧ್ಯಾಹ್ನ ತೀರ್ಥಹಳ್ಳಿಯಿಂದ ತಿರುಗಿ ಬಂದ ಬಸ್ಸಿನ ಕಂಡಕ್ಟರು ನೇರ ಅಂಗಡಿಗೆ ಬಂದ. ಖಾಕಿ ಅಂಗಿಯ ತೋಳೆಲ್ಲ ಒದ್ದೆ. ತೊಳೆದುಕೊಂಡು ಬಂದಿದ್ದ.

"ಸಾವ್ಕಾರ್ರೆ, ನಿಮ್ಮ ಜಗುಲಿ ದರ್ಜಿ ಹೆಂಡ್ತಿಗೆ ಬಸ್ಸಲ್ಲೇ ಹೆರಿಗೆ ಆಯ್ತು. ಹುಂಚ ದಾಟಿದ ಮೇಲೆ ತಡೆಯಕ್ಕಾಗ್ಲಿಲ್ಲ. ಗಂಡಸ್ರನ್ನೆಲ್ಲ ಕೆಳಗಿಳ್ಸಿ ರಸ್ತೇಲಿ ನಿಲ್ಸಿದ್ವಿ. ಹೆಂಗಸ್ರು ಸೀರೆ ಅಡ್ಡ ಹಿಡ್ಕೊಂಡ್ರು. ಹೆಣ್ಣು ಮಗು, ಅತ್ತಿತು. ತಾಯಿಗೇ ರಕ್ತ ನಿಲ್ತಾ ಇಲ್ಲ. ಆಸ್ಪತ್ರೆಗೆ ಮುಟ್ಸಿ ಬಂದಿದೀವಿ, ಉಳೀತಾಳೋ ಇಲ್ವೋ."

ಇವರ ಕೈಯಲ್ಲಿ ಅಳತೆ ಕಟ್ಟಿಗೆ ಇತ್ತು. ಅದನ್ನು ಹಿಡಿದುಕೊಂಡೇ ಓಣಿಗೆ ಓಡಿದರು. ನಾನು ಉಟ್ಟ ಸೀರೆಯಲ್ಲೇ ಹತ್ತಿದೆ. ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿ ನಮ್ಮ ಮನೆಯ ಮುಂದೆಯೇ ಇರುವುದು. ನೋವು ತಿನ್ನುತ್ತ ಅವಳು ಆ ಕಾರಿನ ಪಕ್ಕದಲ್ಲೇ ನಡೆದುಹೋಗಿರಬೇಕು. ನಾನು ಆ ಹೊತ್ತಿಗೆ ಒಳಗೆ ದೋಸೆ ಹುಯ್ಯುತ್ತಿದ್ದೆ. ದಾರಿಯುದ್ದಕ್ಕೂ ಇದೊಂದೇ ಯೋಚನೆ.

ಆಸ್ಪತ್ರೆಯ ಜಗುಲಿಯಲ್ಲಿ ದರ್ಜಿ ಕುಕ್ಕರಗಾಲಿನಲ್ಲಿ ಕೂತಿದ್ದ. ನಮ್ಮನ್ನು ನೋಡಿ, ಅಂಥ ಹೊತ್ತಿನಲ್ಲೂ ಎದ್ದು ನಿಂತ. "ಕಾರು ಬಾಗಿಲಲ್ಲೇ ಇತ್ತಲ್ಲ ಮಾರಾಯ. ಯಾಕೆ ಕರೀಲಿಲ್ಲ?" ಎಂದು ಇವರು ಕೇಳಿದರು. ಅವನು ನೆಲ ನೋಡಿದ. ಡಾಕ್ಟರಮ್ಮ ಹೊರಗೆ ಬಂದು, ರಕ್ತ ನಿಂತಿದೆ, ನಾಳೆಯ ತನಕ ಏನೂ ಹೇಳಲಾರೆ ಎಂದರು. ಇವರು ಅಂಗಳದ ಆಚೆ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ಅಳುತ್ತಿದ್ದಾರೆಂದು ನನಗೆ ಗೊತ್ತಾಯಿತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆದರೆ ಯಾರ ಮೇಲೆ? ಏಜೆಂಟರ ಮೇಲೋ, ಇವರ ಮೇಲೋ, ಇಷ್ಟು ಬಿಗುಮಾನದ ದರ್ಜಿಯ ಮೇಲೋ? ಒಬ್ಬೊಬ್ಬರನ್ನೂ ಹಿಡಿದು ನೋಡಿದೆ. ಯಾರೂ ಕೆಟ್ಟದ್ದನ್ನು ಬಯಸಿದವರಲ್ಲ.

ಅವಳು ಬದುಕಿದಳು. ಡಾಕ್ಟರಮ್ಮ ಮನೆಗೆ ಕರೆದುಕೊಂಡು ಹೋಗಿ ಎಂದ ದಿನ ನಾವು ಕಾರು ತೆಗೆದುಕೊಂಡು ಹೋದೆವು. ಅತ್ತೆ ಬಾಣಂತಿಗೆಂದು ಕಂಬಳಿ ಕೊಟ್ಟು ಕಳಿಸಿದ್ದರು. ಇವರು ಹಿಂದಿನ ಬಾಗಿಲು ತೆಗೆದು ನಿಂತರು. ದರ್ಜಿ ಗಂಟು ಹಿಡಿದುಕೊಂಡು ಬಂದ. ಅವಳು ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆ ಹಿಡಿದು ನಿಧಾನಕ್ಕೆ ಬಂದವಳು, ಕಾರಿನಿಂದ ಎರಡು ಮಾರು ದೂರದಲ್ಲಿ ನಿಂತುಬಿಟ್ಟಳು.

"ಹತ್ತೇ" ಎಂದೆ.

"ಬ್ಯಾಡಕ್ಕ. ಮೂರು ಗಂಟೆ ಬಸ್ಸಿದೆ, ಅದ್ರಲ್ಲೇ ಹೋಗ್ತೀವಿ."

"ಹುಚ್ಚು ಹಿಡಿದಿದ್ಯೇನೇ ನಿಂಗೆ? ಈ ಮೈಯಲ್ಲಿ ಬಸ್ಸಾ?"

ಅವಳು ಇವರ ಮುಖ ನೋಡಲಿಲ್ಲ, ನನ್ನ ಮುಖವನ್ನೇ ನೋಡಿ ಹೇಳಿದಳು. ಜೋರಾಗಿ ಅಲ್ಲ, ಆಡಿಕೊಳ್ಳುವ ಹಾಗೂ ಅಲ್ಲ. "ಬಸ್ಸಲ್ಲಾದ್ರೆ ನಮ್ಮ ಹತ್ರ ಟಿಕೇಟಿನ ದುಡ್ಡಾದ್ರೂ ತಗೊಳ್ತಾರಕ್ಕ. ನಾವು ಬಡವ್ರು ಹೌದು. ಆದ್ರೆ ನಮ್ಮ ಕೈಯಿಂದ ಎಂಥದೂ ಮುಟ್ಟಲ್ಲ ಅನ್ನೋರ ಹತ್ರ ಜೀವ ಉಳ್ಸಿ ಅಂತ ಹೆಂಗೆ ಕೇಳೋದು? ಅವತ್ತು ಇವ್ರು ನಿಮ್ಮ ಬಾಗ್ಲ ತಂಕ ಬಂದಿದ್ರು. ನಾನೇ ಬ್ಯಾಡ ಅಂದೆ."

ದರ್ಜಿ "ಸುಮ್ನಿರೇ" ಎಂದ. ಆಸ್ಪತ್ರೆಯ ಅಂಗಳದಲ್ಲಿ ಬೇರೆ ಯಾರೋ ಬಟ್ಟೆ ಒಗೆಯುತ್ತಿದ್ದರು, ಆ ಸದ್ದು ಕೇಳುತ್ತಿತ್ತು. ಸೀಟು, ಕಂಪನಿ, ಪ್ರತಿಫಲ, ಇನ್ಶೂರೆನ್ಸು, ಎಲ್ಲವನ್ನೂ ವಿವರಿಸಬೇಕೆಂದು ನನಗೆ ಆಸೆಯಾಯಿತು. ನಿನಗಾಗಿಯೇ ಮಾಡಿಸಿದ್ದು ಎಂದು ಹೇಳಬೇಕೆನಿಸಿತು. ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಶುರು ಮಾಡಿದ್ದರೂ ಅದು ಆ ಅಂಗಳದಲ್ಲಿ ಬರೀ ನೆವದ ಹಾಗೆ ಕೇಳುತ್ತಿತ್ತು.

ಇವರು ಬಾಗಿಲು ಬಿಟ್ಟು ಅವಳ ಎದುರಿಗೆ ಹೋಗಿ ನಿಂತರು. "ತಪ್ಪಾಯ್ತು ತಂಗಿ. ಏನಾದ್ರೂ ಕೊಡು. ತಗೊಳ್ತೀನಿ" ಎಂದು ಕೈ ಚಾಚಿದರು. ಅಂಗಡಿಯ ಯಜಮಾನ, ದರ್ಜಿಯ ಹೆಂಡತಿಯ ಮುಂದೆ ಹಾಗೆ ಅಂಗೈ ಒಡ್ಡಿ ನಿಂತದ್ದನ್ನು ನಾನು ನೋಡಿದೆ. ಕೈಗೆ ಕೊಟ್ಟರೆ ಕೂಲಿ ಕೊಟ್ಟ ಹಾಗೆ ಎಂಬುದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು.

ಅವಳ ಹತ್ತಿರ ಏನೂ ಇರಲಿಲ್ಲ. ತಡಕಾಡಿ ಗಂಡನ ಕೈಯ ಗಂಟು ಬಿಚ್ಚಿಸಿದಳು. ಪಕ್ಕದ ಮಂಚದ ಬಾಣಂತಿಯನ್ನು ನೋಡಲು ಬಂದವರು ಇವಳಿಗೂ ಕೊಟ್ಟಿದ್ದ ಒಂದು ಕಿತ್ತಳೆ ಹಣ್ಣು ಸಿಕ್ಕಿತು. ಅದನ್ನು ಸೆರಗಿನಲ್ಲಿ ಒರೆಸಿ ಇವರ ಅಂಗೈಯಲ್ಲಿಟ್ಟಳು. ಇವರು ಅದನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ. ಅಲ್ಲೇ ನಿಂತು ಸಿಪ್ಪೆ ಸುಲಿದು, ಒಂದೊಂದೇ ತೊಳೆ, ಎಲ್ಲವನ್ನೂ ತಿಂದರು. ಹುಳಿ ಇತ್ತೆಂದು ಕಾಣುತ್ತದೆ, ಕಣ್ಣು ಕಿರಿದಾಯಿತು. ಅವಳು ಮುಗಿಯುವ ತನಕ ನೋಡಿ, ಮಗುವನ್ನು ನನ್ನ ಕೈಗೆ ಕೊಟ್ಟು ಕಾರು ಹತ್ತಿದಳು.

ಇವರು ಕಾರನ್ನು ಎಷ್ಟು ನಿಧಾನ ಬಿಟ್ಟರೆಂದರೆ ಸೈಕಲ್ಲಿನವರು ನಮ್ಮನ್ನು ದಾಟಿ, ತಿರುಗಿ ನೋಡಿಕೊಂಡು ಹೋದರು. ಇವರು ಮಾಡಿದ್ದು ಸರಿಯೋ ತಪ್ಪೋ ಎಂದು ನನಗೆ ಅಂದು ಗೊತ್ತಾಗಲಿಲ್ಲ, ಇಂದೂ ಗೊತ್ತಿಲ್ಲ. ಏಜೆಂಟರ ಮಾತೇ ನಿಜವಾಗಿದ್ದರೆ, ಆ ಕಿತ್ತಳೆ ತಿಂದ ಗಳಿಗೆಯಿಂದ ಆ ಕಾರಿನಲ್ಲಿದ್ದ ಯಾರಿಗೂ ವಿಮೆ ಇರಲಿಲ್ಲ. ನನ್ನ ಮಡಿಲಲ್ಲಿ ಮಲಗಿದ್ದವಳಿಗೆ ಇನ್ನೂ ಹೆಸರು ಕೂಡ ಇಟ್ಟಿರಲಿಲ್ಲ.